ಬೆಲ್‌ಫಾಸ್ಟ್‌ಗೆ ಮುಷ್ಟಿಯ ಕಾವಲು ಬೇಡ

2000ನೇ ಇಸವಿಯ ಡಿಸೆಂಬರ್‌ನಲ್ಲಿ ಬೆಲ್‌ಫಾಸ್ಟ್‌ನ ಲಗಾನ್ ನದಿಯ ದಡದಲ್ಲಿ, ಹೊಸದಾಗಿ ಎದ್ದಿದ್ದ ಒಡಿಸ್ಸಿ ಅರೀನಾದ ಮಂಜುಗಡ್ಡೆಯ ಮೇಲೆ, ಆ ಊರಿನ ಹೆಚ್ಚಿನವರು ಅಲ್ಲಿಯವರೆಗೆ ಕಣ್ಣಾರೆ ಕಂಡಿರದ ಆಟವೊಂದು ಶುರುವಾಯಿತು. ಉತ್ತರ ಐರ್ಲೆಂಡಿನ ಸಂಘರ್ಷಕ್ಕೆ ತೆರೆ ಎಳೆಯಲು ಮಾಡಿಕೊಂಡ ಗುಡ್ ಫ್ರೈಡೇ ಒಪ್ಪಂದಕ್ಕೆ ಸಹಿ ಬಿದ್ದು ಆಗಿನ್ನೂ ಮೂರು ವರ್ಷ ತುಂಬಿರಲಿಲ್ಲ. ಅದಕ್ಕೂ ಹಿಂದಿನ ಮೂರು ದಶಕಗಳಲ್ಲಿ ಸುಮಾರು 3,500 ಜೀವಗಳು ಹೋಗಿದ್ದವು. ಕ್ಯಾಥೊಲಿಕರ ಬೀದಿಗೂ ಪ್ರೊಟೆಸ್ಟೆಂಟರ ಬೀದಿಗೂ ನಡುವೆ ಎತ್ತರದ ಗೋಡೆಗಳು ನಿಂತಿದ್ದವು, ಇಂದಿಗೂ ಹಲವು ನಿಂತಿವೆ. ಅಂಥ ಊರಿನಲ್ಲಿ ಬೆಲ್‌ಫಾಸ್ಟ್ ಜೈಂಟ್ಸ್ ಎಂಬ ವೃತ್ತಿಪರ ಐಸ್ ಹಾಕಿ ತಂಡ ಕಟ್ಟಿದವರು ಒಂದೊಂದು ಹೆಜ್ಜೆಯನ್ನೂ ಅಳೆದು ಇಟ್ಟರು. ತಂಡದ ಲಾಂಛನಕ್ಕೆ ಎರಡೂ ಸಮುದಾಯಗಳ ಮಕ್ಕಳು ಕೇಳಿ ಬೆಳೆದ ಜಾನಪದ ದೈತ್ಯ ಫಿನ್ ಮೆಕ್‌ಕೂಲ್‌ನನ್ನು ಆರಿಸಿಕೊಂಡರು. ಅಂಗಿಗೆ ಯಾರ ಪಾಳೆಯಕ್ಕೂ ಸೇರದ ನೀಲಿ-ಹಸಿರು ಬೆರೆತ ಬಣ್ಣ ಬಂತು. ಪಂದ್ಯಕ್ಕೆ ಮುನ್ನ ಯಾವ ರಾಷ್ಟ್ರಗೀತೆಯೂ ಬೇಡ, ಫುಟ್‌ಬಾಲ್ ಕ್ಲಬ್ಬುಗಳ ಅಂಗಿ ತೊಟ್ಟವರಿಗೆ ಒಳಗೆ ಜಾಗವಿಲ್ಲ ಎಂದರು. ದೈತ್ಯರ ನಾಡಿನಲ್ಲಿ ಎಲ್ಲರೂ ಸಮಾನರು ಎಂಬುದು ಅವರ ಘೋಷವಾಕ್ಯವಾಯಿತು. ಇಷ್ಟೆಲ್ಲ ಎಚ್ಚರ ವಹಿಸಿ ಅವರು ತಂದ ಆಟವಾದರೂ ಎಂಥದು? ಇಬ್ಬರು ಆಟಗಾರರು ಕೈಗವಸು ಕಿತ್ತೆಸೆದು ಮುಖಕ್ಕೆ ಮುಖ ಕೊಟ್ಟು ಗುದ್ದಾಡಿದರೆ ರೆಫರಿ ಒಬ್ಬರು ನೆಲಕ್ಕುರುಳುವವರೆಗೂ ಕಾಯುವ, ಬಳಿಕ ಇಬ್ಬರನ್ನೂ ಐದು ನಿಮಿಷ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂರಿಸಿ ಮತ್ತೆ ಆಟಕ್ಕೆ ಬಿಡುವ ಕ್ರೀಡೆ.

ಈ ಪ್ರಯೋಗ ಗೆದ್ದಿತು ಎಂಬುದರಲ್ಲಿ ಅನುಮಾನವಿಲ್ಲ. ಎರಡನೇ ಋತುವಿನಲ್ಲೇ, 2001-02ರಲ್ಲಿ, ಜೈಂಟ್ಸ್ ಬ್ರಿಟನ್ನಿನ ಸೂಪರ್‌ಲೀಗ್ ಗೆದ್ದರು. ಕಾಲು ಶತಮಾನ ಕಳೆದರೂ ತಂಡ ಉಳಿದಿದೆ, ಗ್ಯಾಲರಿಯಲ್ಲಿ ಎರಡೂ ಬೀದಿಗಳ ಕುಟುಂಬಗಳು ಅಕ್ಕಪಕ್ಕ ಕೂರುತ್ತವೆ. ಇದರ ಬೆಲೆ ತಿಳಿಯಲು ಅದೇ ಊರಿನ ಬೇರೆ ಆಟಗಳ ಕಡೆ ನೋಡಬೇಕು. 1948ರ ಡಿಸೆಂಬರ್‌ನಲ್ಲಿ ವಿಂಡ್ಸರ್ ಪಾರ್ಕ್ ಮೈದಾನದಲ್ಲಿ ಪ್ರೊಟೆಸ್ಟೆಂಟರ ಬೆಂಬಲದ ಲಿನ್‌ಫೀಲ್ಡ್ ಮತ್ತು ಕ್ಯಾಥೊಲಿಕರ ಬೆಂಬಲದ ಬೆಲ್‌ಫಾಸ್ಟ್ ಸೆಲ್ಟಿಕ್ ಫುಟ್‌ಬಾಲ್ ತಂಡಗಳ ಪಂದ್ಯ ಮುಗಿಯುತ್ತಿದ್ದಂತೆ ಪ್ರೇಕ್ಷಕರು ಒಳನುಗ್ಗಿ ಸೆಲ್ಟಿಕ್‌ನ ಜಿಮ್ಮಿ ಜೋನ್ಸ್ ಅವರ ಕಾಲು ಮುರಿದರು. ಮರುವರ್ಷ ಆ ಕ್ಲಬ್ಬು ಲೀಗನ್ನೇ ತೊರೆಯಿತು, ಮತ್ತೆ ಮರಳಲಿಲ್ಲ. 2002ರಲ್ಲಿ, ಅಂದರೆ ಜೈಂಟ್ಸ್ ಮೊದಲ ಪ್ರಶಸ್ತಿ ಗೆದ್ದ ವರ್ಷವೇ, ಉತ್ತರ ಐರ್ಲೆಂಡ್ ಫುಟ್‌ಬಾಲ್ ತಂಡದ ಕ್ಯಾಥೊಲಿಕ್ ಆಟಗಾರ ನೀಲ್ ಲೆನನ್ ಸೈಪ್ರಸ್ ವಿರುದ್ಧದ ಪಂದ್ಯಕ್ಕೆ ಮುನ್ನ ಕೊಲೆ ಬೆದರಿಕೆ ಬಂದದ್ದರಿಂದ ಅಂತರರಾಷ್ಟ್ರೀಯ ಆಟಕ್ಕೇ ವಿದಾಯ ಹೇಳಿದರು. ಬೆಲ್‌ಫಾಸ್ಟ್ ಸೆಲ್ಟಿಕ್ ಆಗಲಿ, ಲೆನನ್ ಆಗಲಿ ಹೆದರಿದ್ದು ಎದುರಾಳಿಯ ಭುಜಬಲಕ್ಕಲ್ಲ, ಹುಟ್ಟಿಗೂ ಮೊದಲೇ ನಿಗದಿಯಾಗಿದ್ದ ಹಗೆಗೆ. ಐಸ್ ಹಾಕಿಗೆ ಆ ಊರಿನಲ್ಲಿ ತಾತನ ಕಾಲದ ಲೆಕ್ಕವೇ ಇರಲಿಲ್ಲ. ಎದುರಾಳಿ ತಂಡ ಶೆಫೀಲ್ಡ್ ಸ್ಟೀಲರ್ಸ್ ಮೇಲಿನ ಕೋಪವನ್ನು ಶನಿವಾರ ರಾತ್ರಿ ಬಾಗಿಲಲ್ಲೇ ಬಿಟ್ಟು ಮನೆಗೆ ಹೋಗಬಹುದು. ಹಾಗಾಗಿ ಜೈಂಟ್ಸ್ ಬೆಲ್‌ಫಾಸ್ಟ್‌ಗೆ ಕೊಟ್ಟ ದೊಡ್ಡ ಕೊಡುಗೆ ಪಿತ್ರಾರ್ಜಿತವಲ್ಲದ ಒಂದು ಜಿದ್ದು. ಮುಷ್ಟಿಯುದ್ಧಕ್ಕೂ ಈ ಕೊಡುಗೆಗೂ ಸಂಬಂಧವಿಲ್ಲ. ಮುಷ್ಟಿಯನ್ನು ಸಮರ್ಥಿಸಲು ಬಳಸುವ ವಾದವಂತೂ ಆ ಊರು ಬಹಳ ಕಷ್ಟಪಟ್ಟು ಹಿಂದೆ ಬಿಟ್ಟುಬಂದ ವಾದವೇ ಆಗಿದೆ. ನಾನು ಇಲ್ಲಿ ಹೇಳಹೊರಟಿರುವುದು ಇದನ್ನೇ.

ಮೊದಲು ಡಿಕ್ಕಿಯನ್ನೂ ಬೆದರಿಕೆಯನ್ನೂ ಬೇರೆ ಮಾಡಿಕೊಳ್ಳಬೇಕು. ಹುಲ್ಲಿನ ಅಥವಾ ಟರ್ಫ್ ಮೇಲಿನ ಹಾಕಿಯನ್ನು ಕಂಡು ಬೆಳೆದ ನಮಗೆ ಮೈಗೆ ಮೈ ತಾಗಿದರೆ ಸೀಟಿ ಬೀಳುವುದೇ ಅಭ್ಯಾಸ. ಐಸ್ ಹಾಕಿಯಲ್ಲಿ ಹಾಗಲ್ಲ. ಪಕ್, ಅಂದರೆ ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರಿನ ಬಿಲ್ಲೆ, ಯಾರ ಬಳಿ ಇದೆಯೋ ಅವರನ್ನು ಭುಜದಿಂದಲೋ ಸೊಂಟದಿಂದಲೋ ಗುದ್ದಿ ಅದರಿಂದ ಬೇರ್ಪಡಿಸುವುದು ನಿಯಮಬದ್ಧ ಕೌಶಲ. ಅದಕ್ಕೆ ಬಾಡಿ ಚೆಕ್ ಎನ್ನುತ್ತಾರೆ. ಕಬಡ್ಡಿಯಲ್ಲಿ ರೈಡರನ್ನು ಕಾಲು ಹಿಡಿದು ಕೆಡಹುವುದನ್ನು ನಾವು ಹಿಂಸೆ ಎನ್ನದಿರುವಂತೆ ಇದನ್ನೂ ಹಿಂಸೆ ಎನ್ನಲಾಗದು. ಬೆನ್ನಿಗೆ ಗುದ್ದುವುದು, ಮೊಣಕೈ ಬೀಸುವುದು, ದೂರದಿಂದ ಓಡಿಬಂದು ಅಪ್ಪಳಿಸುವುದು, ಅಂಚಿನ ಹಲಗೆಗೆ ಅಪಾಯಕರವಾಗಿ ನೂಕುವುದು ಎಲ್ಲವೂ ತಪ್ಪು. ಆದರೆ ನಿಯಮದೊಳಗಿನ ಡಿಕ್ಕಿಯೂ ಒಂದು ಬಗೆಯ ಭಯ ಹುಟ್ಟಿಸುತ್ತದೆ, ಮತ್ತು ಅದು ಆಟದ ತಂತ್ರವೇ. ಡಿಫೆಂಡರ್ ತನ್ನ ಗೋಲಿನ ಹಿಂದಿನ ಮೂಲೆಗೆ ಪಕ್ ತರಲು ಹೋಗುತ್ತಾನೆ, ಅವನ ಬೆನ್ನು ರಿಂಕಿನ ಕಡೆಗಿದೆ, ಹಿಂದಿನಿಂದ ಸ್ಕೇಟ್‌ಗಳು ಮಂಜು ಸೀಳುವ ಸದ್ದು ಹತ್ತಿರವಾಗುತ್ತಿದೆ. ಮೊದಲ ಹತ್ತು ನಿಮಿಷಗಳಲ್ಲಿ ಅವನಿಗೆ ಎರಡು ಬಲವಾದ ಡಿಕ್ಕಿ ಬಿದ್ದಿದ್ದರೆ ಮೂರನೇ ಸಲ ಅವನು ಅರೆಕ್ಷಣ ಮುಂಚೆಯೇ, ಗುರಿ ನೋಡದೆ, ಪಕ್ ತಳ್ಳಿಬಿಡುತ್ತಾನೆ. ಆ ಅರೆಕ್ಷಣದಿಂದ ಗೋಲು ಹುಟ್ಟುತ್ತದೆ. ಇದು ನ್ಯಾಯವಾದ ಒತ್ತಡ, ಇದನ್ನು ತೆಗೆದರೆ ಆಟ ಬೇರೆಯೇ ಆಗಿಬಿಡುತ್ತದೆ. ಬೆದರಿಕೆ ಎಂದು ನಾನು ಕರೆಯುವುದು ಪಕ್‌ಗೆ ಸಂಬಂಧವೇ ಇಲ್ಲದ ಭಯವನ್ನು: ನಮ್ಮ ಒಳ್ಳೆಯ ಆಟಗಾರನನ್ನು ಮುಟ್ಟಿದರೆ ನಿನ್ನ ಮುಖ ಮುರಿಯುವವನೊಬ್ಬ ಬೆಂಚಿನಲ್ಲಿ ಕುಳಿತಿದ್ದಾನೆ ಎಂಬ ಸೂಚನೆಯನ್ನು. ಆ ಕೆಲಸಕ್ಕೆಂದೇ ತಂಡಕ್ಕೆ ಸೇರಿಸಿಕೊಂಡ ಆಟಗಾರನನ್ನು ಎನ್‌ಫೋರ್ಸರ್ ಎನ್ನುತ್ತಾರೆ.

ಬ್ರಿಟನ್ನಿನ ಈಗಿನ ಎಲೀಟ್ ಲೀಗ್ 2003ರಲ್ಲಿ ಹುಟ್ಟಿತು. ಅದರ ರಚನೆಯೇ ಜಿದ್ದನ್ನು ಬೆಳೆಸುವಂತಿದೆ. ತಂಡಗಳು ಹತ್ತೇ. ಒಂದೊಂದು ತಂಡವೂ ಉಳಿದ ಒಂಬತ್ತನ್ನು ಲೀಗಿನಲ್ಲಿ ಆರಾರು ಸಲ ಎದುರಿಸಿದರೆ 54 ಪಂದ್ಯಗಳಾಗುತ್ತವೆ, ಚಾಲೆಂಜ್ ಕಪ್, ಪ್ಲೇಆಫ್ ಬೇರೆ. ಅವುಗಳಲ್ಲಿ ಸಮುದ್ರದಾಚೆ, ಐರ್ಲೆಂಡ್ ದ್ವೀಪದಲ್ಲಿ ಇರುವುದು ಬೆಲ್‌ಫಾಸ್ಟ್ ಒಂದೇ. ಕಾರ್ಡಿಫ್, ನಾಟಿಂಗ್‌ಹ್ಯಾಮ್, ಶೆಫೀಲ್ಡ್‌ಗಳಿಂದ ಕಡಲು ದಾಟಿ ಬರುವ ತಂಡ ಖರ್ಚು ಉಳಿಸಲು ಎಷ್ಟೋ ವಾರಾಂತ್ಯಗಳಲ್ಲಿ ಶುಕ್ರವಾರವೂ ಶನಿವಾರವೂ ಅಲ್ಲೇ ಆಡಿ ಹೋಗುತ್ತದೆ. ಶುಕ್ರವಾರ ರಾತ್ರಿ ಮೂಲೆಯಲ್ಲಿ ಬಿದ್ದ ಕೊಂಕು ಏಟಿನ ನೋವು ಆರುವ ಮೊದಲೇ ಅದೇ ಮುಖಗಳು ಮತ್ತೆ ಎದುರಾಗುತ್ತವೆ. ಪಂದ್ಯಗಳ ಫಲವೂ ಕೂದಲೆಳೆಯ ಅಂತರದ್ದು: 2018-19ರಲ್ಲಿ ಬೆಲ್‌ಫಾಸ್ಟ್ ಮತ್ತು ಕಾರ್ಡಿಫ್ ಸಮನಾದ ಅಂಕಗಳೊಡನೆ ಲೀಗ್ ಮುಗಿಸಿದವು, ನಿಗದಿತ ಅವಧಿಯೊಳಗೆ ಗೆದ್ದ ಪಂದ್ಯಗಳ ಎಣಿಕೆಯಲ್ಲಿ ಪ್ರಶಸ್ತಿ ಬೆಲ್‌ಫಾಸ್ಟ್‌ಗೆ ಬಂತು. ಇಂಥ ಕಡೆ ಒಬ್ಬ ಗಟ್ಟಿಗನನ್ನು ಇಟ್ಟುಕೊಳ್ಳುವ ಆಸೆ ಯಾವ ಕೋಚ್‌ಗೂ ಸಹಜ. ಜೈಂಟ್ಸ್‌ನ ಆರಂಭದ ವರ್ಷಗಳಲ್ಲಿ ಜನ ಮನಸಾರೆ ಪ್ರೀತಿಸಿದವರಲ್ಲಿ ಕೆನಡಾದ ಪ್ಯಾಕ್ಸ್‌ಟನ್ ಶುಲ್ಟೆ ಒಬ್ಬರು. ಎದುರಾಳಿಗಳಿಗೆ ಮೈಯೊಡ್ಡಲು ಎಂದೂ ಹಿಂಜರಿಯದ ಅವರ ಅಂಗಿಯ ಸಂಖ್ಯೆಯನ್ನು ಬೇರೆ ಯಾರಿಗೂ ಕೊಡದೆ ಕ್ಲಬ್ಬು ಗೌರವಿಸಿತು. ಆ ಪ್ರೀತಿಯನ್ನು ನಾನು ಕೀಳು ಅಭಿರುಚಿ ಎಂದು ತಳ್ಳಿಹಾಕಲಾರೆ. ತನ್ನವರಿಗಾಗಿ ಏಟು ತಿನ್ನಲು ಮುಂದೆ ಬರುವವನನ್ನು ಜನ ಎಲ್ಲ ಕಾಲದಲ್ಲೂ ಮೆಚ್ಚಿದ್ದಾರೆ.

ಎನ್‌ಫೋರ್ಸರ್ ಪರವಾದ ವಾದ ಗಂಭೀರವಾದದ್ದು, ಅದನ್ನು ಅದರ ಬಲದಲ್ಲೇ ಎದುರಿಸಬೇಕು. ವಾದ ಹೀಗಿದೆ: ಆಟ ಅತಿ ವೇಗದ್ದು, ರೆಫರಿಯ ಕಣ್ಣು ಎಲ್ಲವನ್ನೂ ಹಿಡಿಯಲಾರದು. ಕೋಲಿನಿಂದ ಮಣಿಕಟ್ಟಿಗೆ ಕುಕ್ಕುವ, ಬೆನ್ನಿಗೆ ನೂಕುವ ನೀಚತನಕ್ಕೆ ಎರಡು ನಿಮಿಷದ ಶಿಕ್ಷೆ ಸಾಲದು. ಹಾಗಾಗಿ ಆಟಗಾರರೇ ತಮ್ಮೊಳಗೊಂದು ಬರೆಯದ ಕಟ್ಟಳೆ ಮಾಡಿಕೊಂಡಿದ್ದಾರೆ. ತಪ್ಪು ಮಾಡಿದವನು ಮುಷ್ಟಿಗೆ ಉತ್ತರ ಕೊಡಬೇಕು, ಕೊಟ್ಟಮೇಲೆ ಲೆಕ್ಕ ಚುಕ್ತಾ. ಗುದ್ದಾಟ ನಿಂತರೆ ಕಳ್ಳ ಏಟುಗಳು ಹೆಚ್ಚುತ್ತವೆ. ಈ ಮಾತನ್ನು ಟೊರಾಂಟೊದಲ್ಲೋ ಬಾಸ್ಟನ್‌ನಲ್ಲೋ ಕೇಳಿದರೆ ಅದು ಬರಿಯ ಕ್ರೀಡೆಯ ಮಾತು. ಬೆಲ್‌ಫಾಸ್ಟ್‌ನಲ್ಲಿ ಅದಕ್ಕೆ ಇನ್ನೊಂದು ಚರಿತ್ರೆ ಇದೆ. ಪೊಲೀಸರು ನಮ್ಮ ಬೀದಿಗೆ ಬರುವುದಿಲ್ಲ, ಬಂದರೂ ಅವರು ನಮ್ಮವರಲ್ಲ, ಆದ್ದರಿಂದ ನಮ್ಮ ಬೀದಿಯ ಕಳ್ಳನನ್ನು ನಾವೇ ವಿಚಾರಿಸಿಕೊಳ್ಳುತ್ತೇವೆ ಎಂದು ಎರಡೂ ಕಡೆಯ ಶಸ್ತ್ರಧಾರಿ ಗುಂಪುಗಳು ದಶಕಗಳ ಕಾಲ ಹೇಳಿದವು. ಆ ಹೆಸರಿನಲ್ಲಿ ಹದಿಹರೆಯದ ಹುಡುಗರ ಮಂಡಿಗೆ ಗುಂಡು ಹೊಡೆದರು, ಬೇಸ್‌ಬಾಲ್ ದಾಂಡಿನಿಂದ ಕೈಕಾಲು ಮುರಿದರು. ಒಪ್ಪಂದದ ನಂತರ ಆ ಊರು ಕೈಹಾಕಿದ ಅತಿ ಕಷ್ಟದ ಕೆಲಸಗಳಲ್ಲಿ ಒಂದು ಇದಕ್ಕೆ ಉತ್ತರ ಹುಡುಕುವುದೇ ಆಗಿತ್ತು. 1999ರಲ್ಲಿ ಪೊಲೀಸ್ ಸುಧಾರಣೆಗೆಂದು ನೇಮಿಸಿದ್ದ ಪ್ಯಾಟನ್ ಆಯೋಗ ವರದಿ ಕೊಟ್ಟಿತು, 2001ರ ನವೆಂಬರ್‌ನಲ್ಲಿ ಹಳೆಯ ಪೊಲೀಸ್ ದಳದ ಜಾಗಕ್ಕೆ ಎರಡೂ ಸಮುದಾಯಗಳು ಒಪ್ಪಬಲ್ಲ ಹೊಸ ಪೊಲೀಸ್ ಸೇವೆ ಬಂತು. ಜೈಂಟ್ಸ್ ತಮ್ಮ ಮೊದಲ ಪ್ರಶಸ್ತಿಯತ್ತ ಸಾಗುತ್ತಿದ್ದ ಋತುವೂ ಅದೇ. ದಂಡ ಹಾಕುವವನು ದುರ್ಬಲನಾದರೆ ಅವನನ್ನು ಬಲಪಡಿಸಬೇಕು, ಅವನ ಕೆಲಸವನ್ನು ನಾವೇ ಕೈಗೆ ತೆಗೆದುಕೊಳ್ಳಬಾರದು ಎಂಬ ತೀರ್ಮಾನಕ್ಕೆ ಬರಲು ಆ ಊರು ತೆತ್ತ ಬೆಲೆ ಸಣ್ಣದಲ್ಲ.

ಈ ಹೋಲಿಕೆ ಅತಿಯಾಯಿತು ಎಂಬ ಆಕ್ಷೇಪ ಬರುತ್ತದೆ, ಬರಲೇಬೇಕು. ಕತ್ತಲ ಗಲ್ಲಿಯಲ್ಲಿ ಹುಡುಗನೊಬ್ಬನ ಮೇಲೆ ನಾಲ್ವರು ಬೀಳುವುದಕ್ಕೂ, ಸಾವಿರಾರು ಜನರ ಎದುರು, ರೆಫರಿಯ ಕಣ್ಣಳತೆಯಲ್ಲಿ, ಸಮಬಲದ ಇಬ್ಬರು ಒಪ್ಪಿ ಗುದ್ದಾಡುವುದಕ್ಕೂ ಇರುವ ಅಂತರ ಆಕಾಶ ಭೂಮಿಯದು. ಕ್ರೌರ್ಯದ ಪ್ರಮಾಣದಲ್ಲಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಂತ್ರಸ್ತರಿಗೆ ಮಾಡುವ ಅವಮಾನ. ನಾನು ಹೋಲಿಸುತ್ತಿರುವುದು ಸಮರ್ಥನೆಯ ತರ್ಕವನ್ನು ಮಾತ್ರ. ಆ ತರ್ಕದ ದೌರ್ಬಲ್ಯ ಎರಡೂ ಕಡೆ ಒಂದೇ: ಖಾಸಗಿ ಶಿಕ್ಷೆಗೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯದು. ತಪ್ಪು ಯಾವುದು, ಎಷ್ಟು ಏಟಿಗೆ ಲೆಕ್ಕ ತೀರಿತು ಎಂಬುದನ್ನು ನಿರ್ಧರಿಸುವವನು ನೊಂದವನೇ ಆದಾಗ ಲೆಕ್ಕ ತೀರುವುದೇ ಇಲ್ಲ.

ಇದಕ್ಕೆ ಐಸ್ ಹಾಕಿಯ ಚರಿತ್ರೆಯಲ್ಲೇ ಸಾಕ್ಷಿ ಇದೆ. 2004ರ ಫೆಬ್ರವರಿಯಲ್ಲಿ ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನಲ್ಲಿ ಕೊಲರಾಡೊ ತಂಡದ ಸ್ಟೀವ್ ಮೂರ್ ಅವರ ಡಿಕ್ಕಿಯಿಂದ ವ್ಯಾಂಕೂವರ್ ನಾಯಕ ಮಾರ್ಕಸ್ ನಾಸ್ಲಂಡ್‌ಗೆ ತಲೆಗೆ ಪೆಟ್ಟಾಯಿತು. ರೆಫರಿ ದಂಡ ಹಾಕಲಿಲ್ಲ, ಲೀಗೂ ಶಿಕ್ಷಿಸಲಿಲ್ಲ. ಮಾರ್ಚ್ 8ರಂದು ಎರಡೂ ತಂಡಗಳು ವ್ಯಾಂಕೂವರ್‌ನಲ್ಲಿ ಎದುರಾದಾಗ ಮೊದಲ ಅವಧಿಯಲ್ಲೇ ಮೂರ್ ಎದುರು ತಂಡದ ಮ್ಯಾಟ್ ಕುಕ್ ಜೊತೆ ಗುದ್ದಾಡಿ ಕಟ್ಟಳೆಯ ಪ್ರಕಾರ ಉತ್ತರ ಕೊಟ್ಟರು. ಬರೆಯದ ಶಾಸನ ನಿಜವಾಗಿದ್ದರೆ ಅಲ್ಲಿಗೆ ಲೆಕ್ಕ ಚುಕ್ತಾ ಆಗಬೇಕಿತ್ತು. ಮೂರನೇ ಅವಧಿಯಲ್ಲಿ ವ್ಯಾಂಕೂವರ್‌ನ ಟಾಡ್ ಬರ್ಟುಝಿ ಹಿಂಬಾಲಿಸಿ ಬಂದು, ಅಂಗಿ ಎಳೆದು, ಹಿಂದಿನಿಂದ ತಲೆಗೆ ಗುದ್ದಿ, ಮೂರ್ ಅವರನ್ನು ಮಂಜಿನ ಮೇಲೆ ಕೆಡವಿ ಮೇಲೆ ಬಿದ್ದರು. ಮೂರ್ ಅವರ ಕತ್ತಿನ ಮೂಳೆಗಳು ಮುರಿದವು. ಅವರು ಮತ್ತೆಂದೂ ಆಡಲಿಲ್ಲ. ಬರ್ಟುಝಿ ಅದೇ ವರ್ಷ ನ್ಯಾಯಾಲಯದಲ್ಲಿ ಹಲ್ಲೆಯ ತಪ್ಪೊಪ್ಪಿಕೊಂಡರು, ಪರಿಹಾರದ ಮೊಕದ್ದಮೆ ರಾಜಿಯಾಗಲು 2014 ಬರಬೇಕಾಯಿತು. ಲೀಗ್ ಶಿಕ್ಷಿಸದೆ ಬಿಟ್ಟದ್ದರಿಂದಲೇ ಹೀಗಾಯಿತು ಎಂದು ಎನ್‌ಫೋರ್ಸರ್ ಪರ ಇರುವವರು ಹೇಳಬಹುದು. ಅದು ಸರಿಯೇ. ಆದರೆ ಅದರಿಂದ ಹೊರಡುವ ತೀರ್ಮಾನ ಲೀಗ್ ಶಿಕ್ಷಿಸಬೇಕು ಎಂಬುದೇ ಹೊರತು ಆಟಗಾರರು ಶಿಕ್ಷಿಸಬೇಕು ಎಂಬುದಲ್ಲ. ಎನ್‌ಎಚ್‌ಎಲ್ ಕೊನೆಗೆ ಹಿಡಿದದ್ದೂ ಆ ದಾರಿಯನ್ನೇ. ತಲೆಗೆ ಗುರಿಯಿಡುವ ಡಿಕ್ಕಿಯನ್ನು 2010ರಲ್ಲಿ ಪ್ರತ್ಯೇಕ ಅಪರಾಧವೆಂದು ಘೋಷಿಸಿತು, ಮರುವರ್ಷ ಆಟಗಾರರ ಸುರಕ್ಷತೆಗೆಂದೇ ವಿಭಾಗ ತೆರೆದು ವಿಡಿಯೊ ನೋಡಿ ಅಮಾನತು ಮಾಡತೊಡಗಿತು. ಎಲೀಟ್ ಲೀಗಿನಲ್ಲೂ ಇಂದು ಅಂಥದೇ ವಿಭಾಗವಿದೆ. ಒಂದು ಕೈಯಲ್ಲಿ ಇಂಥ ನ್ಯಾಯಾಸನ ಹಾಕಿಕೊಂಡು ಇನ್ನೊಂದು ಕೈಯಿಂದ ಮುಷ್ಟಿನ್ಯಾಯಕ್ಕೆ ಐದು ನಿಮಿಷದ ರಿಯಾಯಿತಿ ಕೊಡುವುದಕ್ಕೆ ನನಗೆ ಸಮರ್ಥನೆ ಕಾಣುತ್ತಿಲ್ಲ.

ಇಬ್ಬರು ವಯಸ್ಕರು ಒಪ್ಪಿ ಗುದ್ದಾಡಿದರೆ ಯಾರಿಗೇನು ನಷ್ಟ ಎಂಬ ಪ್ರಶ್ನೆಗೆ 2011ರ ಬೇಸಿಗೆ ಉತ್ತರ ಕೊಟ್ಟಿತು. ಆ ವರ್ಷದ ಮೇ ತಿಂಗಳಿಂದ ಆಗಸ್ಟ್ ಒಳಗೆ ಎನ್‌ಎಚ್‌ಎಲ್‌ನಲ್ಲಿ ಗುದ್ದಾಟಕ್ಕೆ ಹೆಸರಾಗಿದ್ದ ಮೂವರು ಸತ್ತರು: 28ರ ಡೆರೆಕ್ ಬೂಗಾರ್ಡ್, 27ರ ರಿಕ್ ರಿಪಿಯನ್, 35ರ ವೇಡ್ ಬೆಲಾಕ್. ನೋವು ನಿವಾರಕ ಮಾತ್ರೆ ಮತ್ತು ಮದ್ಯ ಬೂಗಾರ್ಡ್ ಅವರನ್ನು ಬಲಿ ತೆಗೆದುಕೊಂಡವು. ಅವರ ಮೆದುಳನ್ನು ಪರೀಕ್ಷಿಸಿದ ಬಾಸ್ಟನ್ ವಿಶ್ವವಿದ್ಯಾಲಯದ ತಜ್ಞರು ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣುವ, ಬರಬರುತ್ತ ಹೆಚ್ಚುವ ಸಿಟಿಇ ಎಂಬ ರೋಗವನ್ನು ಗುರುತಿಸಿದರು. ಬೆಲಾಕ್ ಹೆಸರು ಬ್ರಿಟನ್ನಿನ ಆಟ ಬಲ್ಲವರಿಗೆ ಅಪರಿಚಿತವಲ್ಲ. 2004-05ರಲ್ಲಿ ಎನ್‌ಎಚ್‌ಎಲ್ ಮಾಲೀಕರು ಘೋಷಿಸಿದ ಬೀಗಮುದ್ರೆಯಿಂದ ನಿಂತಾಗ ಅವರು ಕವೆಂಟ್ರಿ ಬ್ಲೇಜ್ ಪರ, ಬೆಲ್‌ಫಾಸ್ಟ್ ಇದ್ದ ಇದೇ ಎಲೀಟ್ ಲೀಗಿನಲ್ಲಿ ಆಡಿದ್ದರು. ಮೂರು ಸಾವುಗಳಿಂದ ನಿಯಮ ಕಟ್ಟಲಾಗದು ಎನ್ನುವವರಿಗಾಗಿ 2023ರಲ್ಲಿ ಪ್ರಕಟವಾದ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಯನವಿದೆ. 1967ರಿಂದೀಚಿನ ಎನ್‌ಎಚ್‌ಎಲ್ ಆಟಗಾರರನ್ನು ಪರಿಶೀಲಿಸಿದ ಆ ಅಧ್ಯಯನದಲ್ಲಿ, ತೀರಿಕೊಂಡ ಎನ್‌ಫೋರ್ಸರ್‌ಗಳು ತಮ್ಮಂಥದೇ ಮೈಕಟ್ಟಿನ ಸಹ ಆಟಗಾರರಿಗಿಂತ ಸುಮಾರು ಹತ್ತು ವರ್ಷ ಮೊದಲೇ ತೀರಿಕೊಂಡದ್ದು ಕಂಡುಬಂತು. ಆತ್ಮಹತ್ಯೆ ಮತ್ತು ಮಾದಕವಸ್ತು ಅವರಲ್ಲಿ ಹೆಚ್ಚಿನ ಪಾಲು ಪಡೆದಿದ್ದವು. ಇನ್ನು ಒಪ್ಪಿಗೆಯ ಮಾತು. ಕೆನಡಾದಿಂದ ಒಂದೇ ಋತುವಿನ ಕರಾರಿನ ಮೇಲೆ ಬಂದವನಿಗೆ, ಗುದ್ದಾಡುವುದನ್ನು ಬಿಟ್ಟರೆ ತಂಡದಲ್ಲಿ ಬೇರೆ ಜಾಗವಿಲ್ಲ ಎಂದು ಗೊತ್ತಿರುವವನಿಗೆ, ಒಲ್ಲೆ ಎನ್ನುವ ಸ್ವಾತಂತ್ರ್ಯ ಎಷ್ಟಿರುತ್ತದೆ? ಬೇರೆ ಯಾರೂ ಮಾಡಲು ಇಷ್ಟಪಡದ ಕೆಲಸವನ್ನು ಅವನ ಹೆಗಲಿಗೆ ಹಾಕಿ, ಚಪ್ಪಾಳೆ ತಟ್ಟಿ, ಮುಂದಿನ ವರ್ಷ ಅವನನ್ನು ಮರೆಯುವ ವ್ಯವಸ್ಥೆಯನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸು ಬಾರದು.

ಉಳಿದಿರುವುದು ಟಿಕೆಟ್ಟಿನ ಪ್ರಶ್ನೆ. ಜನ ಗುದ್ದಾಟಕ್ಕಾಗಿಯೇ ಬರುತ್ತಾರೆ, ಅದನ್ನು ತೆಗೆದರೆ ಸಮುದ್ರದಾಚೆಯ ಪುಟ್ಟ ನಗರದ ಕ್ಲಬ್ಬು ಬದುಕಲಾರದು ಎಂಬ ಭಯ ಕ್ಲಬ್ಬುಗಳನ್ನು ನಡೆಸುವವರಿಗಿದೆ. ಎನ್‌ಎಚ್‌ಎಲ್‌ನಲ್ಲಿ 2008-09ರ ಋತುವಿನಲ್ಲಿ 700ಕ್ಕೂ ಹೆಚ್ಚು ಗುದ್ದಾಟಗಳಾಗಿದ್ದವು, ಈಚಿನ ಋತುಗಳಲ್ಲಿ ಅದರ ಅರ್ಧವೂ ಇಲ್ಲ. ಪ್ರೇಕ್ಷಕರ ಸಂಖ್ಯೆ ಮಾತ್ರ ಕುಸಿಯಲಿಲ್ಲ. ದೂರದ ಉದಾಹರಣೆ ಬೇಡವೆಂದರೆ ಬೆಲ್‌ಫಾಸ್ಟ್‌ನದೇ ಇದೆ. 2015ರಿಂದ ನವೆಂಬರ್ ಕೊನೆಯಲ್ಲಿ ಅಮೆರಿಕದ ನಾಲ್ಕು ಕಾಲೇಜು ತಂಡಗಳು ಅದೇ ಅರೀನಾಕ್ಕೆ ಬಂದು ಫ್ರೆಂಡ್‌ಶಿಪ್ ಫೋರ್ ಪಂದ್ಯಾವಳಿ ಆಡುತ್ತಿವೆ. ಅಮೆರಿಕದ ಕಾಲೇಜು ಹಾಕಿಯಲ್ಲಿ ಗುದ್ದಾಡಿದವನು ಪಂದ್ಯದಿಂದಲೇ ಹೊರಗೆ, ಮುಂದಿನ ಪಂದ್ಯಕ್ಕೂ ಅವನಿಲ್ಲ. ಡಿಕ್ಕಿಗಳಿಗೆ ಮಾತ್ರ ಕೊರತೆಯಿಲ್ಲ. ಆ ಪಂದ್ಯಗಳಿಗೆ ನಗರದ ಎರಡೂ ಸಮುದಾಯಗಳ ಶಾಲೆಗಳ ಮಕ್ಕಳು ಬಂದು ಗಂಟಲು ಹರಿಯುವಂತೆ ಕೂಗುತ್ತಾರೆ. 2017ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಒಂದು ವಿಭಾಗ ಬೆಲ್‌ಫಾಸ್ಟ್‌ನಲ್ಲಿ ನಡೆಯಿತು, ಅಂತರರಾಷ್ಟ್ರೀಯ ನಿಯಮದಡಿ ಗುದ್ದಾಟಕ್ಕೆ ಅಲ್ಲಿ ಜಾಗವಿರಲಿಲ್ಲ. ಆತಿಥೇಯ ಗ್ರೇಟ್ ಬ್ರಿಟನ್ ತಂಡ ಆ ಪಂದ್ಯಾವಳಿ ಗೆದ್ದು ಮೇಲಿನ ಹಂತಕ್ಕೆ ಏರಿತು. ಆಡಮ್ ಕೀಫ್ ಅವರ ಉದಾಹರಣೆ ಇದಕ್ಕಿಂತಲೂ ಮುಖ್ಯ. ಜೈಂಟ್ಸ್ ನಾಯಕರಾಗಿ ಆಡುತ್ತಿದ್ದಾಗ ಮುಷ್ಟಿ ಬಿಗಿಯಲು ಹಿಂದೆ ಮುಂದೆ ನೋಡದವರೆಂದು ಹೆಸರಾಗಿದ್ದ ಅವರು 2017ರಲ್ಲಿ ಕೋಚ್ ಆದರು. ಅವರ ತಂಡಗಳು 2018-19, 2021-22, 2022-23 ಮತ್ತು 2024-25ರಲ್ಲಿ ಲೀಗ್ ಗೆದ್ದವು, 2022-23ರಲ್ಲಂತೂ ಲೀಗ್, ಕಪ್, ಪ್ಲೇಆಫ್ ಮೂರನ್ನೂ ಬಾಚಿಕೊಂಡವು. ಮೈಯೊಡ್ಡಿ ಆಡುವುದನ್ನು ಆ ತಂಡಗಳು ಬಿಡಲಿಲ್ಲ. ಆದರೆ 54 ಪಂದ್ಯಗಳ ಲೀಗನ್ನು ಗೆಲ್ಲಿಸುವುದು ಸರದಿಯಂತೆ ಇಳಿಯುವ ಆಟಗಾರರ ನಾಲ್ಕೂ ಸಾಲುಗಳು ಓಡಬಲ್ಲ, ಪಾಸ್ ಕೊಡಬಲ್ಲ, ಪೆನಾಲ್ಟಿ ಬಾಕ್ಸ್‌ನಿಂದ ದೂರ ಇರಬಲ್ಲ ತಂಡವೇ. ಗುದ್ದಾಟವನ್ನು ಒಳಗಿನಿಂದ ಬಲ್ಲವರೊಬ್ಬರ ಕೈಯಲ್ಲಿ ಈ ಗೆಲುವುಗಳು ಬಂದವು ಎಂಬುದು ನನಗೆ ದೊಡ್ಡ ಸಾಕ್ಷಿ.

ನಿಯಮ ಬದಲಿಸುವುದು ಅಷ್ಟು ಸುಲಭವಲ್ಲ, ಆಟದ ಸಂಸ್ಕೃತಿ ತಲೆಮಾರುಗಳಲ್ಲಿ ಬದಲಾಗಬೇಕು ಎಂದು ಗುದ್ದಾಟದ ಪರ ಇರುವವರು ಕೊನೆಗೆ ಹೇಳುತ್ತಾರೆ. ಆದರೆ ನಿಯಮ ಬೇಗನೆ ಬದಲಾದದ್ದೂ ಇದೆ. 2023ರ ಅಕ್ಟೋಬರ್ 28ರಂದು ಶೆಫೀಲ್ಡ್‌ನಲ್ಲಿ ನಾಟಿಂಗ್‌ಹ್ಯಾಮ್ ಪ್ಯಾಂಥರ್ಸ್ ತಂಡದ ಆಡಮ್ ಜಾನ್ಸನ್ ಕುತ್ತಿಗೆಗೆ ಎದುರಾಳಿಯೊಬ್ಬರ ಸ್ಕೇಟ್ ತಾಗಿ ಮೃತಪಟ್ಟರು. ಪೊಲೀಸ್ ತನಿಖೆ ನಡೆದು, ಯಾರ ಮೇಲೂ ಆರೋಪ ಹೊರಿಸುವುದಿಲ್ಲವೆಂದು 2025ರಲ್ಲಿ ತೀರ್ಮಾನವಾಯಿತು. ಅದನ್ನು ಬೆದರಿಕೆಯ ಆಟಕ್ಕೆ ಗಂಟುಹಾಕುವುದು ಅನ್ಯಾಯ, ನಾನು ಹಾಕುತ್ತಿಲ್ಲ. ನಾನು ಗಮನಿಸುವುದು ಅದರ ಬಳಿಕ ಆದದ್ದನ್ನು: ಕುತ್ತಿಗೆ ರಕ್ಷಕ ತೊಡುವುದು ಗಂಡಸುತನಕ್ಕೆ ಕಡಿಮೆ ಎಂಬಂತೆ ದಶಕಗಳಿಂದ ನಡೆದುಬಂದಿದ್ದ ಕ್ರೀಡೆಯಲ್ಲಿ, ಇಂಗ್ಲೆಂಡಿನ ಐಸ್ ಹಾಕಿ ಸಂಘ 2024ರ ಜನವರಿಯಿಂದಲೇ ಅದನ್ನು ಕಡ್ಡಾಯ ಮಾಡಿತು. ಎರಡೇ ತಿಂಗಳು ಸಾಕಾಯಿತು. ಗುದ್ದಾಟದ ತವರೆನಿಸಿಕೊಂಡ ಕೆನಡಾದಲ್ಲೇ ಕ್ವಿಬೆಕ್‌ನ ಜೂನಿಯರ್ ಲೀಗ್ 2023ರಲ್ಲಿ ಗುದ್ದಾಡಿದವರನ್ನು ಪಂದ್ಯದಿಂದ ಹೊರಹಾಕುವ ನಿಯಮ ತಂದಿತು. ಎಲೀಟ್ ಲೀಗಿಗೂ ಬೇಕಾದದ್ದು ಇಷ್ಟೇ: ಗುದ್ದಾಡಿದವರು ಪಂದ್ಯದಿಂದ ಹೊರಗೆ, ಮರುಕಳಿಸಿದರೆ ಮುಂದಿನ ಪಂದ್ಯಗಳಿಗೂ ಇಲ್ಲ. ಜೊತೆಗೆ ಕೋಲಿನ ಕಳ್ಳ ಏಟಿಗೆ, ಬೆನ್ನಿಗೆ ನೂಕುವುದಕ್ಕೆ ಈಗಿನದಕ್ಕಿಂತ ಭಾರಿ ಅಮಾನತು. ಇದಿಲ್ಲದೆ ಮೊದಲಿನದು ನ್ಯಾಯವಾಗದು, ಏಕೆಂದರೆ ಎನ್‌ಫೋರ್ಸರ್ ಪರ ಇರುವವರ ದೂರಿನಲ್ಲಿ ನಿಜಾಂಶವಿರುವುದು ಇಲ್ಲಿಯೇ.

ಈ ಪ್ರಸ್ತಾವವನ್ನು ಹತ್ತು ಕ್ಲಬ್ಬುಗಳ ಮೇಜಿನ ಮೇಲೆ ಇಡುವ ಮೊದಲ ಹಕ್ಕು ಬೆಲ್‌ಫಾಸ್ಟ್‌ಗಿದೆ ಎಂದು ನನಗನ್ನಿಸುತ್ತದೆ. ಅದಕ್ಕೆ ವ್ಯಾವಹಾರಿಕ ಕಾರಣವೂ ಉಂಟು. ಐರ್ಲೆಂಡ್ ಗಣರಾಜ್ಯದ ಡಂಡಾಕ್‌ನಲ್ಲಿ 2006ರಲ್ಲಿ ತೆರೆದ ಐಸ್ ಡೋಮ್ 2010ರಲ್ಲಿ ಮುಚ್ಚಿತು. ಹಾಗಾಗಿ ಇಡೀ ದ್ವೀಪದಲ್ಲಿ ಮಕ್ಕಳು ಸ್ಕೇಟ್ ಕಟ್ಟಿ ಈ ಆಟ ಕಲಿಯುವುದು ಬಹುಮಟ್ಟಿಗೆ ಬೆಲ್‌ಫಾಸ್ಟ್‌ನ ಪೂರ್ವದಂಚಿನ ಡಂಡೊನಾಲ್ಡ್ ಐಸ್ ಬೌಲ್‌ನಲ್ಲೇ. ಜೈಂಟ್ಸ್ ಇಂದಿಗೂ ಕೆನಡಾ, ಅಮೆರಿಕಗಳಿಂದ ಬಂದವರನ್ನೇ ಹೆಚ್ಚಾಗಿ ನೆಚ್ಚಿಕೊಂಡ ತಂಡ. ಕ್ಯಾಥೊಲಿಕರ ಫಾಲ್ಸ್ ರಸ್ತೆಯ ಮನೆಯೊಂದರಿಂದಲೂ ಪ್ರೊಟೆಸ್ಟೆಂಟರ ಶಾಂಕಿಲ್ ರಸ್ತೆಯ ಮನೆಯೊಂದರಿಂದಲೂ ಹೊರಟ ಇಬ್ಬರು ಹುಡುಗರು ಒಂದೇ ಸಾಲಿನಲ್ಲಿ ಜೈಂಟ್ಸ್ ಪರ ಆಡಬೇಕಾದರೆ ಅವರ ಹೆತ್ತವರು ಬೆಳಗಿನ ಜಾವದ ಅಭ್ಯಾಸಕ್ಕೆ ಹತ್ತು ವರ್ಷ ಕರೆತರಬೇಕು. ಭುಜ ನೋಯುವುದನ್ನು, ಹಲ್ಲು ಮುರಿಯುವುದನ್ನು ಅವರು ಸಹಿಸಿಯಾರು, ಹರ್ಲಿಂಗ್ ಕೋಲೂ ರಗ್ಬಿ ಚೆಂಡೂ ಇರುವ ನಾಡಿನವರಿಗೆ ಅದು ಹೊಸದಲ್ಲ. ಮಗನನ್ನು ಮುಷ್ಟಿಯ ಕಾವಲಿಗೆ ನಿಲ್ಲಿಸಲು ಅವರು ಒಪ್ಪಲಾರರು.